ಎಡಗಡೆ ಹಾಗೇ ಇರಲಿ, ಬಲಗಡೆ ಬದಲಾಗಲಿ: ಬಿಂದುವಿನ ಮೂಲಕ ಸಮಾಂತರ ರೇಖೆ

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ವಿದುರಾಶ್ವತ್ಥ ಒಂದು ಸಣ್ಣ ನಿಲ್ದಾಣ. ಊರಿನ ಹೆಸರೆತ್ತಿದರೆ ಜನರಿಗೆ ನೆನಪಾಗುವುದು ವಿದುರ ನೆಟ್ಟನೆಂಬ ಅಶ್ವತ್ಥದ ಕಥೆ, ಸಾಲುಸಾಲು ನಾಗರಕಲ್ಲುಗಳು, 1938ರ ಏಪ್ರಿಲ್ 25ರ ಗೋಲಿಬಾರ್, ಅದರ ನೆನಪಿಗೆ ಎದ್ದ ವೀರಸೌಧ. ಗಣಿತದ ಮೇಷ್ಟ್ರು ಯಾರಾದರೂ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋದರೆ, ವಾಪಸು ರೈಲು ಬರುವವರೆಗಿನ ಹೊತ್ತಿನಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತೇ ಒಂದು ಪಾಠ ಮುಗಿಸಬಹುದು. ಪಾಠಕ್ಕೆ ಬೇಕಾದ ಸಾಮಗ್ರಿ ಎದುರಿಗೇ ಇದೆ, ಎರಡು ಹಳಿಗಳು.

ಹತ್ತನೇ ತರಗತಿಯ ಗಣಿತದಲ್ಲಿ ಈ ಹಳಿಗಳು ಹೊಸದೇನಲ್ಲ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಪಾಠದಲ್ಲಿ ತಲೆಮಾರಿನಷ್ಟು ಮಕ್ಕಳು ಬಿಡಿಸಿರುವ ಒಂದು ಉದಾಹರಣೆಯಿದೆ. ಒಂದು ಹಳಿಯ ಸಮೀಕರಣ ಎಕ್ಸ್ + 2ವೈ − 4 = 0, ಇನ್ನೊಂದರದ್ದು 2ಎಕ್ಸ್ + 4ವೈ − 12 = 0. ನಕ್ಷೆ ಬರೆದು ಇವು ಸಂಧಿಸುವುದಿಲ್ಲ ಎಂದು ತೋರಿಸಿದರೆ ಅಂಕ ಬರುತ್ತದೆ. ಅಲ್ಲಿಗೆ ಪುಸ್ತಕ ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ನಿಜವಾದ ಸ್ವಾರಸ್ಯ ಶುರುವಾಗುವುದು ಅದರ ನಂತರ.

ಎರಡನೇ ಸಮೀಕರಣವನ್ನು 2ರಿಂದ ಭಾಗಿಸಿ, ಸಂಖ್ಯೆಗಳನ್ನು ಬಲಗಡೆಗೆ ಸಾಗಿಸಿ ನೋಡಿ. ಮೊದಲ ಹಳಿ ಎಕ್ಸ್ + 2ವೈ = 4. ಎರಡನೆಯದು ಎಕ್ಸ್ + 2ವೈ = 6. ಎಡಗಡೆ ಎರಡಕ್ಕೂ ಒಂದೇ, ಬಲಗಡೆ ಮಾತ್ರ ಬೇರೆ. ಸಮಾಂತರ ರೇಖೆಗಳ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ಕಾರಣವೂ ಕಷ್ಟದ್ದಲ್ಲ. ಮೊದಲ ರೇಖೆಯ ಮೇಲಿನ ಯಾವ ಬಿಂದುವನ್ನು ತೆಗೆದುಕೊಂಡರೂ, ಅದು (4, 0) ಇರಲಿ, (2, 1) ಇರಲಿ, (0, 2) ಇರಲಿ, ‘ಎಕ್ಸ್ ಜೊತೆಗೆ ವೈನ ಎರಡರಷ್ಟು’ ಲೆಕ್ಕ ಹಾಕಿದರೆ ಬರುವುದು 4. ಎರಡನೇ ರೇಖೆಯ ಮೇಲಿನ (6, 0), (4, 1), (2, 2) ಯಾವುದರಲ್ಲೂ ಬರುವುದು 6. ಇವೆರಡೂ ಎಲ್ಲಾದರೂ ಸಂಧಿಸಿದರೆ ಆ ಬಿಂದುವಿನಲ್ಲಿ ಒಂದೇ ಲೆಕ್ಕಕ್ಕೆ 4 ಕೂಡ ಬರಬೇಕು, 6 ಕೂಡ ಬರಬೇಕು. ಅದು ಆಗದ ಮಾತು. ಹಾಗಾಗಿ ಅವು ಎಷ್ಟು ದೂರ ಹೋದರೂ ಸೇರುವುದಿಲ್ಲ.

ಹಾಗಿದ್ದರೆ ಈ ಹಳಿಗಳಿಗೆ ಸಮಾಂತರವಾಗಿ (5, 3) ಎಂಬ ಬಿಂದುವಿನ ಮೂಲಕ ಹಾದುಹೋಗುವ ರೇಖೆ ಯಾವುದು? ಬಿಂದುವನ್ನು ಎಡಗಡೆಗೆ ಹಾಕಿ. 5 + 2 × 3 ಅಂದರೆ 11. ಬಂದದ್ದನ್ನು ಬಲಗಡೆ ಬರೆಯಿರಿ: ಎಕ್ಸ್ + 2ವೈ = 11. ಕೆಲಸ ಮುಗಿಯಿತು.

ಇದೇ ಲೆಕ್ಕವನ್ನು ಪಿಯುಸಿ ಮೊದಲ ವರ್ಷದ ‘ಸರಳ ರೇಖೆಗಳು’ ಪಾಠದಲ್ಲಿ ಇಳಿಜಾರಿನ ದಾರಿಯಿಂದ ಮಾಡಿಸುತ್ತಾರೆ. ಕೊಟ್ಟ ಸಮೀಕರಣವನ್ನು ವೈ = −½ಎಕ್ಸ್ + 2 ಎಂದು ಬದಲಿಸಿಕೊಳ್ಳಬೇಕು. ಇಳಿಜಾರು −½. ಸಮಾಂತರ ರೇಖೆಗಳ ಇಳಿಜಾರು ಒಂದೇ ಆದ್ದರಿಂದ ಹೊಸ ರೇಖೆಗೂ ಅದೇ. ಬಿಂದು–ಇಳಿಜಾರು ರೂಪದಲ್ಲಿ ವೈ − 3 = −½(ಎಕ್ಸ್ − 5). ಎರಡೂ ಕಡೆ 2ರಿಂದ ಗುಣಿಸಿದರೆ 2ವೈ − 6 = −ಎಕ್ಸ್ + 5. ಪದಗಳನ್ನು ಸರಿಸಿ ಜೋಡಿಸಿದರೆ ಮತ್ತೆ ಎಕ್ಸ್ + 2ವೈ = 11.

ಎರಡೂ ಸರಿ. ಆದರೆ ಎರಡೂ ಒಂದೇ ಅಲ್ಲ. ಇಳಿಜಾರಿನ ದಾರಿ ‘ಸಮಾಂತರ’ ಎಂದರೇನು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ, ಅದಕ್ಕೇ ತರಗತಿಯಲ್ಲಿ ಅದು ಮೊದಲು ಬರಬೇಕು. ಪರೀಕ್ಷೆಯ ಹಾಲ್‌ನಲ್ಲಿ ಮಾತ್ರ ಅದರ ಪ್ರತಿ ಹೆಜ್ಜೆಯಲ್ಲೂ ಒಂದು ಮೈನಸ್ ಚಿಹ್ನೆ ಕಳೆದುಹೋಗಲು ಕಾದು ಕುಳಿತಿರುತ್ತದೆ. ಅದಲ್ಲದೆ ನೆಟ್ಟಗೆ ನಿಂತ ರೇಖೆ ಬಂದರೆ ಇಳಿಜಾರು ಕೈಕೊಡುತ್ತದೆ. ಎಕ್ಸ್ = 3 ಎಂಬ ರೇಖೆಗೆ ಇಳಿಜಾರು ಎಂಬುದೇ ಇಲ್ಲ, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಎಡಗಡೆ–ಬಲಗಡೆಯ ದಾರಿಗೆ ಅದು ತೊಡಕೇ ಅಲ್ಲ. (7, 2) ಬಿಂದುವಿನ ಮೂಲಕ ಎಕ್ಸ್ = 3ಕ್ಕೆ ಸಮಾಂತರವಾದ ರೇಖೆ ಎಕ್ಸ್ = 7. ಒಂದೇ ಸಾಲು.

ಇಂಥ ರೇಖೆ ಒಂದೇ ಒಂದು ಇರುತ್ತದೆ ಎಂಬುದನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡುಬಿಡುತ್ತೇವೆ. ಗಣಿತಜ್ಞರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಯೂಕ್ಲಿಡ್‌ನ ಐದನೇ ಸ್ವೀಕೃತವನ್ನು ಉಳಿದ ನಾಲ್ಕರಿಂದ ಸಾಧಿಸಲು ಎರಡು ಸಾವಿರ ವರ್ಷ ಹೆಣಗಿದರು. ರೇಖೆಯ ಮೇಲಿಲ್ಲದ ಬಿಂದುವಿನ ಮೂಲಕ ಅದಕ್ಕೆ ಸಮಾಂತರವಾಗಿ ಒಂದೇ ರೇಖೆ ಎಳೆಯಲು ಸಾಧ್ಯ ಎಂಬ, ಆ ಸ್ವೀಕೃತದ ಸರಳ ರೂಪ ಇಂದು ಸ್ಕಾಟ್ಲೆಂಡಿನ ಜಾನ್ ಪ್ಲೇಫೇರ್ ಹೆಸರಿನಲ್ಲಿದೆ. ಆತನ ಪುಸ್ತಕ ಬಂದದ್ದು 1795ರಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಲೊಬಾಚೆವ್‌ಸ್ಕಿ ಮತ್ತು ಬೊಯೈ ಆ ಮಾತನ್ನು ಬಿಟ್ಟೂ ಬೇರೆಯದೇ ಆದ ರೇಖಾಗಣಿತ ಕಟ್ಟಬಹುದೆಂದು ತೋರಿಸಿಕೊಟ್ಟರು. ಚಪ್ಪಟೆ ಕಾಗದದ ಮೇಲೆ ಮಾತ್ರ ಪ್ಲೇಫೇರ್‌ ಮಾತಿಗೆ ಚ್ಯುತಿಯಿಲ್ಲ.

ವಿದ್ಯಾರ್ಥಿಗೆ ಇದರಿಂದ ಆಗುವ ಲಾಭ ತಕ್ಷಣದ್ದು. ಉತ್ತರದ ರೇಖೆ ಒಂದೇ ಆದರೂ ಅದನ್ನು ಬರೆಯುವ ರೀತಿ ಹಲವು. ಪಕ್ಕದವನು 2ಎಕ್ಸ್ + 4ವೈ = 22 ಎಂದು ಬರೆದಿದ್ದರೆ ಗಾಬರಿ ಬೇಡ, ಅದು ನಿಮ್ಮದೇ ರೇಖೆ. 2ಎಕ್ಸ್ + 4ವೈ = 11 ಎಂದು ಬರೆದಿದ್ದರೆ ಅವನು ತಪ್ಪಿದ್ದಾನೆ. ಎಡಗಡೆಯನ್ನು ಎರಡರಿಂದ ಗುಣಿಸಿ ಬಲಗಡೆಯನ್ನು ಮರೆತಿದ್ದಾನೆ.

ಮತ್ತೆ ಹಳಿಗೆ ಬರೋಣ. ಪುಸ್ತಕದ ಆ ಎರಡು ಹಳಿಗಳ ನಡುವಿನ ಅಂತರ ಎಷ್ಟು? ಬಲಗಡೆಯ ಸಂಖ್ಯೆಗಳ ವ್ಯತ್ಯಾಸ 2. ಅದನ್ನು ಎಡಗಡೆಯ ಗುಣಕಗಳಾದ 1 ಮತ್ತು 2ರ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆದು, ಬಂದ √5ರಿಂದ ಭಾಗಿಸಬೇಕು. 2 ÷ 2.236, ಹತ್ತಿರ ಹತ್ತಿರ 0.89. ಒಂದು ಮಾನ ಎಂದರೆ ಒಂದು ಮೀಟರ್ ಎಂದುಕೊಂಡರೆ, ಪುಸ್ತಕದ ಹಳಿಗಳ ಮೇಲೆ ಭಾರತದ ಯಾವ ಬ್ರಾಡ್‌ಗೇಜ್ ಗಾಡಿಯೂ ಓಡಲಾರದು. ಬ್ರಾಡ್‌ಗೇಜ್ ಅಂತರ 1.676 ಮೀಟರ್. ಅದು ಬೇಕಿದ್ದರೆ 1.676ನ್ನು √5ರಿಂದ ಗುಣಿಸಿ, ಬರುವ 3.75ನ್ನು 4ಕ್ಕೆ ಕೂಡಬೇಕು. ಎರಡನೇ ಹಳಿ ಎಕ್ಸ್ + 2ವೈ = 7.75 ಆಗುತ್ತದೆ. ವಿದುರಾಶ್ವತ್ಥದ ಮಾರ್ಗ ಹಿಂದೆ ಮೀಟರ್ ಗೇಜ್ ಆಗಿತ್ತು. ಆಗಿನ ಹಳಿಗಾದರೆ ಬಲಗಡೆ 6.24 ಸಾಕು. ಜೋಡಿ ಮಾರ್ಗದ ಹೊಸ ಕಾಮಗಾರಿಗಳಲ್ಲಿ ಒಂದು ಮಾರ್ಗದ ನಡುಗೆರೆಯಿಂದ ಇನ್ನೊಂದರ ನಡುಗೆರೆಗೆ ಕನಿಷ್ಠ 5.3 ಮೀಟರ್ ಇರಬೇಕೆಂಬುದು ಭಾರತೀಯ ರೈಲ್ವೆಯ ಅಳತೆ. ಅದಕ್ಕೆ ಬಲಗಡೆ 11.85 ಹೆಚ್ಚಿಸಬೇಕು. ಗೇಜ್ ಬದಲಾದರೂ ಮಾರ್ಗ ಜೋಡಿಯಾದರೂ ಎಡಗಡೆಯ ಎಕ್ಸ್ + 2ವೈ ಅಲ್ಲಾಡುವುದಿಲ್ಲ.

ಹಳಿ ಹಾಕುವ ಕೆಲಸ ಎಲ್ಲರಿಗೂ ಬರುವುದಿಲ್ಲ. ಹೊಲ ಪಾಲಾಗುವ ಸಂದರ್ಭ ಮಾತ್ರ ಈ ಸೀಮೆಯ ಬಹುತೇಕ ಮನೆಗಳಿಗೆ ಒಂದಲ್ಲ ಒಂದು ದಿನ ಬರುತ್ತದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಬಯಲುಸೀಮೆಯಲ್ಲಿ ಜಮೀನಿಗಿಂತ ಕೊಳವೆಬಾವಿಗೇ ಬೆಲೆ. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ‘ಹಳೇ ಬದುವಿಗೆ ಸಮವಾಗಿ, ಬೋರ್‌ವೆಲ್‌ ಮೇಲೆ ಹಾದುಹೋಗುವಂತೆ ಹೊಸ ಬದು’ ಎಂದು ಬರೆದರೆ ನೀರು ಇಬ್ಬರಿಗೂ ಸಿಗುತ್ತದೆ. ಹೊಸ ಬದು ಹಾಕುವುದೆಲ್ಲಿ ಎಂಬುದು ಶುದ್ಧ ಗಣಿತದ ಪ್ರಶ್ನೆ. ಕೊಟ್ಟ ಬಿಂದುವಿನ ಮೂಲಕ ಕೊಟ್ಟ ರೇಖೆಗೆ ಸಮಾಂತರ ರೇಖೆ.

ಅಳತೆಗೆ ಕರ್ನಾಟಕದ ಸರ್ವೆಯ 33 ಅಡಿ ಸರಪಳಿಯನ್ನೇ ಹಿಡಿಯೋಣ. ಅದರಲ್ಲೊಂದು ಅನುಕೂಲವಿದೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ವಿಸ್ತೀರ್ಣ 1,089 ಚದರ ಅಡಿ, ಅಂದರೆ ಸರಿಯಾಗಿ ಒಂದು ಗುಂಟೆ. ಹೊಲದ ನೈಋತ್ಯ ಮೂಲೆಯ ಬಾಂದುಕಲ್ಲು (0, 0) ಎಂದಿಟ್ಟುಕೊಳ್ಳಿ. ಪೂರ್ವಕ್ಕೆ ಎಕ್ಸ್, ಉತ್ತರಕ್ಕೆ ವೈ. ಹೊಲದ ಅಗಲ ಪೂರ್ವ–ಪಶ್ಚಿಮ 6 ಸರಪಳಿ. ಹಳೇ ಬದು ಪಶ್ಚಿಮದಂಚಿನ (0, 2)ರಿಂದ ಪೂರ್ವದಂಚಿನ (6, 5)ರವರೆಗೆ ಓರೆಯಾಗಿ ಹೋಗಿದೆ. ಬೋರ್‌ವೆಲ್ ಇರುವುದು (4, 7)ರಲ್ಲಿ.

ಹಳೇ ಬದು 6 ಸರಪಳಿ ಪೂರ್ವಕ್ಕೆ ಹೋಗುವಷ್ಟರಲ್ಲಿ 3 ಸರಪಳಿ ಉತ್ತರಕ್ಕೆ ಏರುತ್ತದೆ, ಇಳಿಜಾರು ½. ಸಮೀಕರಣ ವೈ = ½ಎಕ್ಸ್ + 2. ಭಿನ್ನರಾಶಿ ಕಳೆದು ಜೋಡಿಸಿದರೆ ಎಕ್ಸ್ − 2ವೈ = −4. ಈಗ ಬೋರ್‌ವೆಲ್ಲನ್ನು ಎಡಗಡೆಗೆ ಹಾಕಿ. 4 − 14, ಅಂದರೆ −10. ಹೊಸ ಬದು ಎಕ್ಸ್ − 2ವೈ = −10.

ಸಮೀಕರಣ ಹಿಡಿದು ಹೊಲಕ್ಕೆ ಹೋದರೆ ಗೂಟ ಹೊಡೆಯಲಾಗುವುದಿಲ್ಲ, ಎರಡು ಬಿಂದು ಬೇಕು. ಪಶ್ಚಿಮದಂಚಿನಲ್ಲಿ ಎಕ್ಸ್ ಸೊನ್ನೆ, ಆಗ ವೈ 5. ಪೂರ್ವದಂಚಿನಲ್ಲಿ ಎಕ್ಸ್ 6, ಆಗ ವೈ 8. ಹಳೇ ಬದು ಮುಟ್ಟುವ ಜಾಗದಿಂದ ಎರಡೂ ಅಂಚಿನಲ್ಲಿ ಉತ್ತರಕ್ಕೆ ಮೂರು ಮೂರು ಸರಪಳಿ, ಅಂದರೆ 99 ಅಡಿ ಅಳೆದು ಗೂಟ ಹೊಡೆದು ಹಗ್ಗ ಕಟ್ಟಿದರೆ ಅದು ತಾನಾಗಿ ಬೋರ್‌ವೆಲ್‌ ಮೇಲೆ ಹಾದುಹೋಗಬೇಕು. ಹೋಗದಿದ್ದರೆ ಅಳತೆಯಲ್ಲೋ ಲೆಕ್ಕದಲ್ಲೋ ತಪ್ಪಿದೆ. ಹೊಲದಲ್ಲಿ ಇದಕ್ಕಿಂತ ಒಳ್ಳೆಯ ತಾಳೆ ಇಲ್ಲ.

ಜಗಳ ಹುಟ್ಟುವುದು ಇಲ್ಲಿಯೇ. ಅಂಚಿನುದ್ದಕ್ಕೆ ಅಳೆದ 99 ಅಡಿ ಎರಡು ಬದುಗಳ ನಡುವಿನ ಅಂತರ ಅಲ್ಲ. ಅಂತರ ಎಂದರೆ ಬದುವಿಗೆ ಲಂಬವಾಗಿ ಅಳೆದದ್ದು. ಬಲಗಡೆಯ ವ್ಯತ್ಯಾಸ 6ನ್ನು √5ರಿಂದ ಭಾಗಿಸಿದರೆ 2.68 ಸರಪಳಿ, ಸರಪಳಿಯನ್ನು ಆಣೆಗಳಾಗಿ ಭಾಗಿಸುವ ಹಳೇ ಲೆಕ್ಕದಲ್ಲಿ 2 ಸರಪಳಿ 11 ಆಣೆ, ಸುಮಾರು ಎಂಬತ್ತೆಂಟೂವರೆ ಅಡಿ. ಒಬ್ಬ 99 ಎನ್ನುತ್ತಾನೆ, ಇನ್ನೊಬ್ಬ ಎಂಬತ್ತೆಂಟೂವರೆ ಎನ್ನುತ್ತಾನೆ, ಇಬ್ಬರ ಟೇಪೂ ಸರಿಯಾಗಿಯೇ ಇರುತ್ತದೆ. ವಿಸ್ತೀರ್ಣಕ್ಕೆ ಬಂದಾಗ ಎರಡನ್ನೂ ಬೆರೆಸಿದರೆ ಮಾತ್ರ ಕೆಡುತ್ತದೆ. 99 ಅಡಿ ಹಿಡಿದರೆ ಅದಕ್ಕೆ ಜೋಡಿ ಹೊಲದ ನೇರ ಅಗಲ: 3 × 6, ಅಂದರೆ 18 ಗುಂಟೆ. ಎಂಬತ್ತೆಂಟೂವರೆ ಹಿಡಿದರೆ ಅದಕ್ಕೆ ಜೋಡಿ ಬದುವಿನ ಓರೆ ಉದ್ದ: 2.683 × 6.708, ಮತ್ತೆ 18 ಗುಂಟೆ. ಲಂಬ ಅಂತರವನ್ನು ನೇರ ಅಗಲದಿಂದ ಗುಣಿಸಿದವನಿಗೆ 16 ಗುಂಟೆ ಚಿಲ್ಲರೆ ಬರುತ್ತದೆ, ಸುಮಾರು ಎರಡು ಗುಂಟೆ ಕಾಗದದ ಮೇಲೆಯೇ ಮಾಯ. ಇದು ಅಂದಾಜಿನ ಹೊಲ, ನಿಜವಾದ ಪಾಲಿಗೆ ಸರ್ಕಾರಿ ಭೂಮಾಪಕರ ಪೋಡಿ ನಕ್ಷೆಯೇ ಬೇಕು. ಆದರೆ ಸರ್ವೆಯರ್ ಬರುವ ಮುನ್ನ ಮನೆಯವರು ತಾವೇ ಹೀಗೆ ಲೆಕ್ಕ ಹಾಕಿಕೊಂಡರೆ ಮಾತು ಬೆಳೆಯುವುದು ಕಡಿಮೆ.

ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯನ್ನು ಜೋಡಿಸಾಲು ಪದ್ಧತಿಯಲ್ಲಿ ನಾಟಿ ಮಾಡುತ್ತಾರೆ. ಒಂದು ಜೋಡಿಯೊಳಗೆ ಸಾಲಿನಿಂದ ಸಾಲಿಗೆ 3 ಅಡಿ, ಜೋಡಿಯಿಂದ ಜೋಡಿಗೆ 5 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ. ಮೇಲಿನ ಬದುವಿಗೆ ಸಮಾಂತರವಾಗಿ ಸಾಲು ಹಿಡಿಯಬೇಕಾದರೆ ಒಂದೊಂದು ಸಾಲಿಗೂ ಹೊಸದಾಗಿ ಲೆಕ್ಕ ಮಾಡಬೇಕಿಲ್ಲ. ಅಡಿಗಳಲ್ಲಿ ಬರೆದ ಸಮೀಕರಣದ ಬಲಗಡೆಯ ಸಂಖ್ಯೆ ಒಮ್ಮೆ 6.71ರಷ್ಟು, ಒಮ್ಮೆ 11.18ರಷ್ಟು ಸರಿಯುತ್ತಾ ಹೋದರೆ ಸಾಕು, ಅವು 3 ಮತ್ತು 5ನ್ನು √5ರಿಂದ ಗುಣಿಸಿದಾಗ ಬಂದವು. ಹೊಲದಲ್ಲಿ ರೈತ ಹಗ್ಗ, ಗೂಟ ಹಿಡಿದು ಮಾಡುವುದೂ ಇದನ್ನೇ, ಸಮೀಕರಣದ ಹಂಗಿಲ್ಲದೆ.

ಮಕ್ಕಳು ಎಡವುವ ಜಾಗಗಳು ಬೆರಳೆಣಿಕೆಯಷ್ಟು. ಲಂಬ ರೇಖೆಯ ನಿಯಮವನ್ನು ಸಮಾಂತರಕ್ಕೆ ಹಾಕಿ ಇಳಿಜಾರನ್ನು ತಲೆಕೆಳಗು ಮಾಡಿ ಚಿಹ್ನೆ ಬದಲಿಸುವುದು ಒಂದು. ಬಿಂದುವಿನ ನಿರ್ದೇಶಾಂಕ ಋಣವಾಗಿದ್ದಾಗ ಆವರಣ ಹಾಕದಿರುವುದು ಇನ್ನೊಂದು: (−2, 1)ನ್ನು 3ಎಕ್ಸ್ − 5ವೈಗೆ ಹಾಕಿದರೆ −6 − 5, ಅಂದರೆ −11, ಹಲವರಿಗೆ ಬರುವುದು 1. ಮೂರನೆಯದು ಯಾರೂ ಗಮನಿಸದ್ದು. ಕೊಟ್ಟ ಬಿಂದು ಕೊಟ್ಟ ರೇಖೆಯ ಮೇಲೆಯೇ ಇದ್ದರೆ ಬಲಗಡೆ ಬದಲಾಗುವುದೇ ಇಲ್ಲ, ಹಳೆಯ ರೇಖೆಯೇ ಮರಳಿ ಬರುತ್ತದೆ. ಹತ್ತನೇ ತರಗತಿಯಲ್ಲಿ ಉರುಹೊಡೆಸುವ ಅನುಪಾತದ ನಿಯಮ, ಅಂದರೆ ಎಕ್ಸ್ ಗುಣಕಗಳ ಅನುಪಾತವೂ ವೈ ಗುಣಕಗಳ ಅನುಪಾತವೂ ಒಂದೇ, ಸ್ಥಿರಾಂಕಗಳದ್ದು ಮಾತ್ರ ಬೇರೆ ಎಂಬುದು, ಹೇಳುವುದು ಇದನ್ನೇ. ಸ್ಥಿರಾಂಕಗಳ ಅನುಪಾತವೂ ಸಮವಾದರೆ ಎರಡು ರೇಖೆಗಳಿಲ್ಲ, ಒಂದೇ ರೇಖೆ ಎರಡು ವೇಷದಲ್ಲಿದೆ. ನಿಯಮವನ್ನು ಬಾಯಿಪಾಠ ಮಾಡಿದವರಿಗಿಂತ ‘ಏಕೆ’ ಎಂದು ಕೇಳಿದವರಿಗೆ ಇದು ನೆನಪಿರುತ್ತದೆ. ಹಾಗೆ ಕೇಳುವುದನ್ನೇ ಜೀವನವಿಡೀ ಕಲಿಸಿದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯ ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, 1920ರಲ್ಲಿ.

ಸಮಾಂತರ ರೇಖೆಯ ಲೆಕ್ಕವನ್ನು ಹಗಲೂ ರಾತ್ರಿ ಮಾಡುವ ಒಂದು ವ್ಯವಸ್ಥೆ ಈ ತಾಲ್ಲೂಕಿನ ನೆಲದಲ್ಲೇ ಇದೆ. 1965ರಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಯೋಗದಲ್ಲಿ ಶುರುವಾದ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಗೌರಿಬಿದನೂರು ಭೂಕಂಪ ಮಾಪಕ ಜಾಲ ಅದು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಇದರ ಒಡಹುಟ್ಟುಗಳು. ದೂರದ ದೇಶಗಳ ನೆಲದಡಿಯ ಅಣುಸ್ಫೋಟಗಳನ್ನು ಪತ್ತೆಹಚ್ಚುವುದು ಇವುಗಳ ಮುಖ್ಯ ಉದ್ದೇಶ. ಗೌರಿಬಿದನೂರಿನಲ್ಲಿ 20 ಮಾಪಕಗಳನ್ನು ಒಂದಕ್ಕೊಂದು ಲಂಬವಾದ ಎರಡು ತೋಳುಗಳಲ್ಲಿ, ಸುಮಾರು ಎರಡೂವರೆ ಕಿಲೋಮೀಟರ್‌ಗೊಂದರಂತೆ ಹೂಳಿದ್ದಾರೆ. ಒಂದೊಂದು ತೋಳೂ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್.

ಸಾವಿರಾರು ಕಿಲೋಮೀಟರ್ ಆಚೆ ಹುಟ್ಟಿದ ಕಂಪನದ ಅಲೆ ಇಲ್ಲಿಗೆ ಬರುವಷ್ಟರಲ್ಲಿ ಅದರ ಮುಂಚೂಣಿ ಹೆಚ್ಚುಕಡಿಮೆ ನೇರ ಗೆರೆಯಾಗಿರುತ್ತದೆ. ಆ ಗೆರೆ ತನಗೆ ತಾನೇ ಸಮಾಂತರವಾಗಿ ಸರಿಯುತ್ತಾ ಒಂದೊಂದೇ ಮಾಪಕವನ್ನು ಮುಟ್ಟುತ್ತದೆ. ಅಂದರೆ ಒಂದೊಂದು ಮಾಪಕದ ಮೂಲಕವೂ ಒಂದೊಂದು ಸಮಾಂತರ ರೇಖೆ.

ಲೆಕ್ಕದ ಅನುಕೂಲಕ್ಕೆ ಎರಡು ತೋಳುಗಳನ್ನೇ ಅಕ್ಷಗಳೆಂದುಕೊಳ್ಳಿ, ಅವು ಸೇರುವ ಮೂಲೆ (0, 0). ಅಳತೆ ಕಿಲೋಮೀಟರ್‌ನಲ್ಲಿ. ಅಲೆಯ ಮುಂಚೂಣಿ ಮೂಲೆಯನ್ನು ಮುಟ್ಟಿದಾಗ ಅದರ ಸಮೀಕರಣ 3ಎಕ್ಸ್ + 4ವೈ = 0 ಇತ್ತೆನ್ನಿ. ಒಂದು ತೋಳಿನ (20, 0)ರಲ್ಲಿರುವ ಮಾಪಕದ ಮೂಲಕ ಹಾದುಹೋಗುವಾಗ ಅದು 3ಎಕ್ಸ್ + 4ವೈ = 60. ಇನ್ನೊಂದು ತೋಳಿನ (0, 20)ರಲ್ಲಿ 3ಎಕ್ಸ್ + 4ವೈ = 80. 3 ಮತ್ತು 4ರ ವರ್ಗಗಳ ಮೊತ್ತ 25, ಅದರ ವರ್ಗಮೂಲ 5. ಆದ್ದರಿಂದ ಅಲೆ ಮೂಲೆಯಿಂದ ಮೊದಲ ಮಾಪಕಕ್ಕೆ 12 ಕಿ.ಮೀ., ಎರಡನೆಯದಕ್ಕೆ 16 ಕಿ.ಮೀ. ಕ್ರಮಿಸಿದೆ. ನೆಲದ ಮೇಲೆ ಅದು ಸೆಕೆಂಡಿಗೆ 16 ಕಿ.ಮೀ. ವೇಗದಲ್ಲಿ ಓಡಿತೆಂದರೆ ಮೊದಲ ಮಾಪಕ ಮುಕ್ಕಾಲು ಸೆಕೆಂಡು ತಡವಾಗಿ, ಎರಡನೆಯದು ಸರಿಯಾಗಿ ಒಂದು ಸೆಕೆಂಡು ತಡವಾಗಿ ಅಲುಗುತ್ತದೆ.

ವಿಜ್ಞಾನಿಗಳ ಕೈಗೆ ಸಿಗುವುದು ಇದರ ತಿರುವುಮುರುವು. ಅವರಿಗೆ ಗೊತ್ತಿರುವುದು ತಡವಾದ ಸಮಯ, ಬೇಕಾಗಿರುವುದು ರೇಖೆ. ಸಮಯಗಳ ಅನುಪಾತ 0.75ಕ್ಕೆ 1, ಅಂದರೆ 3ಕ್ಕೆ 4. ಸಮೀಕರಣದ ಎಡಗಡೆ ಸಿಕ್ಕಿತು, ಅಲೆ ಬಂದ ದಿಕ್ಕೂ ಸಿಕ್ಕಿತು. ದೂರದ ಅಲೆಗಳು ಭೂಮಿಯ ಆಳದಿಂದ ಮೇಲೇರಿ ಬರುವುದರಿಂದ ನೆಲದ ಮೇಲೆ ಅವು ಓಡುವಂತೆ ಕಾಣುವ ವೇಗ ನಿಜವಾದ ವೇಗಕ್ಕಿಂತ ಹೆಚ್ಚು. ಎಷ್ಟು ಹೆಚ್ಚು ಎಂಬುದರಿಂದ ಮೂಲ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸಬಹುದು. ಆಮೇಲೆ 20 ಮಾಪಕಗಳ ದಾಖಲೆಗಳನ್ನು ಅವುಗಳ ತಡದಷ್ಟು ಹಿಂದಕ್ಕೆ ಸರಿಸಿ ಕೂಡಿದರೆ ಅಲೆ ಬಲಗೊಳ್ಳುತ್ತದೆ, ಲಾರಿ, ರೈಲು, ಗಾಳಿಗಳ ಸಣ್ಣ ನಡುಕ ಒಂದನ್ನೊಂದು ಹೊಡೆದುಹಾಕುತ್ತದೆ.

ಇದೇ ಉಪಾಯ ಆಕಾಶದ ಕಡೆಗೂ ತಿರುಗಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಗೂಡಿ ಕಟ್ಟಿದ ಗೌರಿಬಿದನೂರಿನ ರೇಡಿಯೊ ದೂರದರ್ಶಕ 1976ರಿಂದ ಕೆಲಸ ಶುರುಮಾಡಿತು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ 1,000 ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಅಲೆ ಹಿಡಿಯುತ್ತಿದ್ದವು, ಅಲೆಯುದ್ದ ಸುಮಾರು 8.7 ಮೀಟರ್. ಅಲ್ಲಿ ದೊಡ್ಡ ತಟ್ಟೆಯನ್ನು ತಿರುಗಿಸುವ ಕೆಲಸವೇ ಇಲ್ಲ. ಆಂಟೆನಾದಿಂದ ಆಂಟೆನಾಕ್ಕೆ ಆಗುವ ತಡವನ್ನು ಸರಿದೂಗಿಸಿದರೆ ದೃಷ್ಟಿ ಉತ್ತರಕ್ಕೋ ದಕ್ಷಿಣಕ್ಕೋ ವಾಲುತ್ತದೆ.

ಓದುಗರಿಗೊಂದು ಲೆಕ್ಕ ಉಳಿದಿದೆ. ಮೇಲಿನ ಅದೇ ಭೂಕಂಪದ ಅಲೆ, ಅದೇ ವೇಗ. (10, 0) ಮತ್ತು (0, 5)ರಲ್ಲಿರುವ ಎರಡು ಮಾಪಕಗಳ ಮೂಲಕ ಹಾದುಹೋಗುವ ಸಮಾಂತರ ರೇಖೆಗಳನ್ನು ಬರೆದು, ಎಷ್ಟು ತಡವಾಗಿ ಅವು ಅಲುಗುತ್ತವೆ ಎಂದು ಕಂಡುಹಿಡಿಯಿರಿ. ಬಲಗಡೆ 30 ಮತ್ತು 20, ತಡ 0.375 ಮತ್ತು 0.25 ಸೆಕೆಂಡು ಬಂದರೆ ನಿಮ್ಮ ಲೆಕ್ಕ ಸರಿ.